ಪಕ್ಕದ ಸೈಟಿನ ಎಕ್ಕ

ಈ ವಾರ ಕಕ್ಕೆ ಮರದ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಮೇ ತಿಂಗಳಲ್ಲಿ ಅದಕ್ಕಿಂತ ಸಲೀಸಾದ ವಿಷಯ ಇಲ್ಲ. ಕಕ್ಕೆಯ ಎಳೆಚಿಗುರು ಹುಡುಕಿ ಮೊಟ್ಟೆಯಿಡಲು ಬರುವ ಕಾಮನ್ ಎಮಿಗ್ರಂಟ್ ಚಿಟ್ಟೆಗಳ ಕುರಿತು ಅರ್ಧ ಪುಟ ಬರೆದೂ ಆಗಿತ್ತು. ಅಷ್ಟರಲ್ಲಿ ಓದುಗರೊಬ್ಬರು ಸಿಕ್ಕಿ, "ಸಾರ್, ಮನೆ ಮುಂದೆ ಚಿಟ್ಟೆ ತೋಟ ಮಾಡಿದೀವಿ. ಪೆಂಟಾಸ್, ವರ್ಬಿನಾ ಎಲ್ಲ ಹಾಕಿದೀವಿ. ಚಿಟ್ಟೆ ಬರ್ತವೆ, ಹೋಗ್ತವೆ. ಒಂದೂ ನಿಲ್ಲಲ್ಲ" ಅಂದರು. ಕಕ್ಕೆ ಮುಂದಿನ ವಾರಕ್ಕಿರಲಿ.

ಹೇಗೆ ನಿಂತಾವು? ಊರ ತುಂಬ ಹೋಟೆಲು ತೆರೆದು ಹೆರಿಗೆ ಆಸ್ಪತ್ರೆಯನ್ನೇ ಮುಚ್ಚಿದರೆ ಸಂಸಾರ ಹೂಡುವವರು ಯಾರು? ಈ ಚಿಟ್ಟೆ ತೋಟದ ಪಂಥದ ಜೊತೆ ನನ್ನದು ಹಳೇ ತಕರಾರು. ಮಕರಂದದ ಗಿಡ ಮಾರುವ ನರ್ಸರಿಯವರೇ ಅದೇ ಮೇಜಿನ ಮೇಲೆ ಹುಳದ ಔಷಧಿಯನ್ನೂ ಇಟ್ಟಿರುತ್ತಾರೆ. ಚಿಟ್ಟೆ ಬೇಕು, ಹುಳ ಬೇಡ ಎನ್ನುವ ಗಿರಾಕಿಗೆ ಎರಡೂ ಕಟ್ಟಿ ಕೊಡುತ್ತಾರೆ.

ಆ ಓದುಗರಿಗೆ ನಾನು ಹೇಳಿದ್ದು ಇಷ್ಟೇ: ನಿಮ್ಮ ಕಾಂಪೌಂಡಿನಾಚೆಯ ಖಾಲಿ ಸೈಟು ನೋಡಿ. ಬೆಂಗಳೂರಿನ ಬಡಾವಣೆಗಳಲ್ಲಿ ಇಂಥ ಸೈಟೊಂದಿದ್ದರೆ ಅಲ್ಲಿ ಕಾಂಗ್ರೆಸ್ ಗಿಡ, ತುಂಬೆ, ಒಡೆದ ಟೈಲ್ಸು, ಜೊತೆಗೆ ಬೂದುಹಸಿರಿನ ಒಂದು ಎಕ್ಕ ಸಾಮಾನ್ಯವಾಗಿ ಇದ್ದೇ ಇರುತ್ತದೆ. ರಥಸಪ್ತಮಿಗೆ ಏಳು ಎಲೆ, ಶನಿವಾರ ಆಂಜನೇಯನಿಗೆ ಹಾರ. ಅಷ್ಟು ಬಿಟ್ಟರೆ ಅದನ್ನು ಕೇಳುವವರಿಲ್ಲ. ಬಿರುಬೇಸಿಗೆಯಲ್ಲಿ ಹುಲ್ಲೆಲ್ಲ ಸುಟ್ಟು ಹೋದರೂ ಎಕ್ಕ ಮಾತ್ರ ಹೂ ಹೊತ್ತು ನಿಂತಿರುತ್ತದೆ.

ಬೆಳಗ್ಗೆ ತಿಂಡಿಗೆ ಮುಂಚೆ ಹೋಗಿ, ಎಲೆ ಮಗುಚಿ ನೋಡಿ. ಕಪ್ಪು-ಬಿಳಿ ಪಟ್ಟೆ, ನಡುನಡುವೆ ಹಳದಿ ಬೊಟ್ಟು, ಬೆನ್ನ ಮೇಲೆ ಮೂರು ಜೊತೆ ಕರೀ ಎಳೆ: ಪ್ಲೇನ್ ಟೈಗರ್ ಚಿಟ್ಟೆಯ ಹುಳು. ಬಾಯಿ ಹಾಕುವ ಮೊದಲು ಅದು ಮಾಡುವ ಕೆಲಸ ನೋಡಬೇಕು. ಎಲೆಯ ನರವನ್ನು ಕಚ್ಚಿ ಕೊಯ್ದು, ಹಾಲು ಬಸಿದು ಹೋಗಲು ಬಿಟ್ಟು, ಆಮೇಲೆ ಅದರಾಚೆಯ ಭಾಗಕ್ಕೆ ಹೋಗಿ ಮೇಯುತ್ತದೆ. ಹಾಲು ಅಂಟಂಟು, ಪುಟ್ಟ ಹುಳುವಿನ ಬಾಯಿ ಮೆತ್ತಿಕೊಂಡರೆ ಕಥೆ ಮುಗಿಯಿತು. ಆದರೂ ಗಿಡದ ವಿಷ ಅಷ್ಟಿಷ್ಟು ಮೈಗೆ ಸೇರಿ, ರೆಕ್ಕೆ ಬಂದ ಮೇಲೆ ಹಕ್ಕಿಗಳಿಂದ ಕಾಯುತ್ತದೆ. ವಿಷದ ಈ ಖ್ಯಾತಿಯನ್ನು ಕದಿಯುವವಳೂ ಒಬ್ಬಳಿದ್ದಾಳೆ. ಅದೇ ಸೈಟಿನ ಗೋಣಿ ಸೊಪ್ಪು ತಿಂದು ಬೆಳೆದ ಡನೈಡ್ ಎಗ್‌ಫ್ಲೈ ಹೆಣ್ಣು, ಥೇಟು ಪ್ಲೇನ್ ಟೈಗರ್ ವೇಷ ಹಾಕಿ ಓಡಾಡುತ್ತಾಳೆ. ಅವಳ ಗಂಡಿಗೆ ಆ ಉಸಾಬರಿ ಇಲ್ಲ. ಕಪ್ಪು ರೆಕ್ಕೆ, ದೊಡ್ಡ ಬಿಳಿ ಮಚ್ಚೆ.

ಹೂವಿಗೆ ಬನ್ನಿ. ನಡುವಿನ ಐದು ಮೂಲೆಯ ಕಿರೀಟದ ಪಕ್ಕೆಗಳಲ್ಲಿ ಸಣ್ಣ ಸೀಳುಗಳಿವೆ. ಪರಾಗ ಇಲ್ಲಿ ಪುಡಿಯಾಗಿ ಉದುರುವುದಿಲ್ಲ, ಜೋಡಿ ಹಳದಿ ಚೀಲಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಕರೀ ದುಂಬಿ ಬಂದು ಹೂವಿನ ಮೇಲೆ ತಡಕಾಡುವಾಗ ಕಾಲು ಸೀಳಿಗೆ ಸಿಕ್ಕಿಕೊಳ್ಳುತ್ತದೆ. ಜಗ್ಗಿ ಎಳೆದರೆ ಕಾಲಿನ ಜೊತೆ ಚೀಲಗಳೂ ಬರುತ್ತವೆ. ಸಣ್ಣಪುಟ್ಟ ನೊಣಕ್ಕೆ ಆ ಶಕ್ತಿ ಎಲ್ಲಿಂದ ಬರಬೇಕು? ಹಾಗೆಂದೇ ಮರ ಕೊರೆದು ಗೂಡು ಮಾಡುವ ಈ ದಡೂತಿ ದುಂಬಿಗಳೇ ಎಕ್ಕಕ್ಕೆ ಬೇಕು. ನಾವು ಹಳೇ ಬಿದಿರು, ಒಣಮರ ಎಲ್ಲ ಎತ್ತಿಸಿ ಅಂಗಳ ಚೊಕ್ಕಟ ಮಾಡಿದರೆ ಮೊದಲು ಮನೆ ಕಳೆದುಕೊಳ್ಳುವುದು ಅವೇ. ಕುಡಿಗಳಲ್ಲಿ ಮುತ್ತಿದ ಹಳದಿ ಹೇನು, ಅದನ್ನು ತಿನ್ನಲು ಬಂದ ಗುಲಗಂಜಿ ಹುಳು, ಇವುಗಳ ಬಗ್ಗೆ ಹಿಂದೆಯೇ ಬರೆದಿದ್ದೇನೆ. ಹಾಲು ಕಣ್ಣಿಗೆ ತಾಗದಂತೆ ಮಾತ್ರ ನೋಡಿಕೊಳ್ಳಿ, ಅದು ಹುಡುಗಾಟವಲ್ಲ.

ಫ್ರಾನ್ಸಿನ ಕೀಟತಜ್ಞ ಫ್ಯಾಬ್ರ್‌ನನ್ನು ನಾನು ಈ ಅಂಕಣಕ್ಕೆ ಪದೇ ಪದೇ ಎಳೆದು ತರುತ್ತೇನೆಂದು ಕೆಲವರಿಗೆ ಬೇಸರ. ಇರಲಿ. ಬಡ ಮೇಷ್ಟರಾಗಿದ್ದ ಆತ 1879ರಲ್ಲಿ ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಕೊಂಡದ್ದು ಕಲ್ಲು, ಮುಳ್ಳು ತುಂಬಿದ ಬರಡು ನೆಲ. ನಮ್ಮ ಭಾಷೆಯಲ್ಲಿ ಖಾಲಿ ಸೈಟು. ಅದೇ ವರ್ಷ ಶುರುವಾಗಿ 1907ರವರೆಗೆ ಹತ್ತು ಸಂಪುಟಗಳಲ್ಲಿ ಬಂದ ಅವನ ಕೀಟಗಳ ಬರಹದಲ್ಲಿ ಬಹುಪಾಲು ಆ ನೆಲದ್ದೇ. ಸಾಲು ಹಿಡಿದು ನಡೆಯುವ ಪೈನ್ ಮರದ ಹುಳುಗಳ ಪ್ರಸಂಗ ಯಾವಾಗ ಓದಿದರೂ ಹೊಸದು. ದೊಡ್ಡ ಕುಂಡದ ಅಂಚಿಗೆ ಹತ್ತಿದ ಸಾಲಿನ ತಲೆಯೂ ಬಾಲವೂ ಕೂಡಿ ಬಳೆಯಾಗುತ್ತದೆ. ಮುಂದಾಳು ಎಂಬುದೇ ಇಲ್ಲ. ಪ್ರತಿ ಹುಳುವೂ ಮುಂದಿನದರ ಹಿಂದೆ. ಮೇವು ಹತ್ತಿರದಲ್ಲೇ ಇದೆ, ಆದರೂ ಸುತ್ತುತ್ತವೆ. ರಾತ್ರಿ ಚಳಿಗೆ ಮರಗಟ್ಟಿ ನಿಂತು, ಬಿಸಿಲು ಬಂದೊಡನೆ ಮತ್ತೆ ಅದೇ ಸುತ್ತು. ಒಂದು ವಾರ! ಮುದುಕ ಲೆಕ್ಕ ಬರೆಯುತ್ತ ಕೂತೇ ಇದ್ದಾನೆ.

ಸತ್ತ ಹುಳುವನ್ನು ಸೂಜಿಗೆ ಚುಚ್ಚಿ ಹೆಸರಿಡುವ ಪಂಡಿತರ ಮೇಲೆ ಅವನಿಗೆ ಸಿಟ್ಟು. ಸೂಜಿಯ ಜಾಗಕ್ಕೆ ಈಗ ಮ್ಯಾಕ್ರೋ ಲೆನ್ಸ್ ಬಂದಿದೆ. ಆಗುಂಬೆಗೆ ಹೋಗಿ, ಜೀವಮಾನದಲ್ಲೇ ಮೊದಲ ಸಲ ಒಂದು ಚಿಟ್ಟೆ ಕಂಡಾಗ "ಲೈಫರ್ ಸಿಕ್ತು" ಎಂದು ಕುಣಿಯುವ ಗೆಳೆಯರಿಗೆ ಆ ಚಿಟ್ಟೆ ಹುಳುವಾಗಿದ್ದಾಗ ಯಾವ ಎಲೆ ತಿಂದಿತ್ತು ಎಂದು ಕೇಳಿ. ಪಟ್ಟಿಯಲ್ಲಿ ಅದಕ್ಕೆ ಕಾಲಮ್ಮೇ ಇರುವುದಿಲ್ಲ.

ಹಾಲು ಬರುವ ಗಿಡ ಮನೆ ಮುಂದೆ ಆಗದು ಎನ್ನುವ ಹಿರಿಯರು ಮನೆಯಲ್ಲಿದ್ದರೆ ಜಗಳ ಬೇಡ, ಕುಂಡದಲ್ಲೊಂದು ಕರಿಬೇವು ಸಾಕು. ಕಾಮನ್ ಮಾರ್ಮನ್ ಚಿಟ್ಟೆ ಮೊಟ್ಟೆಯಿಡಲು ತಾನಾಗಿ ಹುಡುಕಿಕೊಂಡು ಬರುತ್ತದೆ. ಒಗ್ಗರಣೆಗೆ ಎಲೆ ಕೀಳುವಾಗ ಹಕ್ಕಿ ಹಿಕ್ಕೆ ಕಂಡರೆ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ತಲೆಯ ಹಿಂದಿನಿಂದ ಕವಲು ಕೊಂಬು ಚಾಚಿ ವಾಸನೆ ಬಿಟ್ಟರೆ ಅದು ಹಿಕ್ಕೆಯಲ್ಲ. ಒಗ್ಗರಣೆಗೆ ಬೇರೆ ಎಸಳು ಕಿತ್ತುಕೊಳ್ಳಿ.