ನಗುವಿಗೆ ಕಿವಿಗೊಡಿ: ‘ಕ್ಯಾರಿ’ ನೋಡುವ ಬಗೆ

ಮುಂಬಯಿಯ ಫೋರ್ಟಿನಲ್ಲಿ ಕೆಲಸ ಮುಗಿಸಿ ಸ್ಟರ್ಲಿಂಗ್ ಟಾಕೀಸಿನಲ್ಲಿ ಇಂಗ್ಲಿಷ್ ಪಿಕ್ಚರ್ ನೋಡಿ ಮನೆಗೆ ಮರಳುತ್ತಿದ್ದ ಕನ್ನಡಿಗರಲ್ಲೂ ಹಾರರ್ ಎಂದರೆ ಮೂಗು ಮುರಿಯುವವರೇ ಹೆಚ್ಚು. ಅಂಥವರು 1976ರ ‘ಕ್ಯಾರಿ’ಯಿಂದ ಶುರು ಮಾಡಲಿ. ಸ್ಟೀಫನ್ ಕಿಂಗ್‌ರ ಮೊದಲ ಪ್ರಕಟಿತ ಕಾದಂಬರಿಯನ್ನು ಬ್ರಯಾನ್ ಡಿ ಪಾಲ್ಮಾ ತೆರೆಗೆ ತಂದ ಚಿತ್ರವಿದು. ಇದರಲ್ಲಿ ದೆವ್ವವಿಲ್ಲ, ಹೈಸ್ಕೂಲಿನ ಹುಡುಗಿಯರಿದ್ದಾರೆ.

ಕ್ಯಾರಿಯ ತಾಯಿಗೆ ಧರ್ಮದ ಹುಚ್ಚು. ಮಗಳಿಗೆ ಮುಟ್ಟಿನ ವಿಷಯವನ್ನೂ ಹೇಳಿಕೊಟ್ಟಿಲ್ಲ. ಶಾಲೆಯ ಸ್ನಾನದ ಕೋಣೆಯಲ್ಲಿ ಮೊದಲ ಸಲ ರಕ್ತ ಕಂಡು, ಸತ್ತೇ ಹೋಗುತ್ತೇನೆಂದು ಚೀರುವ ಅವಳ ಮೇಲೆ ಜೊತೆಯವರು ಪ್ಯಾಡುಗಳನ್ನು ಎಸೆದು ಕೇಕೆ ಹಾಕುತ್ತಾರೆ. ಮನಸ್ಸಿನಿಂದಲೇ ವಸ್ತುಗಳನ್ನು ಅಲುಗಿಸುವ ಶಕ್ತಿ ಅವಳಲ್ಲಿ ಬಲಿಯುವುದು ಇಲ್ಲಿಂದ.

ಯಾರು ಕ್ರೂರಿ? ಶಾಲೆಯ ನೃತ್ಯಕೂಟದಲ್ಲಿ ಕ್ಯಾರಿಯ ಮೇಲೆ ಹಂದಿಯ ರಕ್ತದ ಬಕೆಟ್ ಸುರಿಸುವ ಸಹಪಾಠಿ ಕ್ರಿಸ್ ಒಬ್ಬಳನ್ನೇ ದೂರಿ ಸುಮ್ಮನಾಗಬೇಡಿ. ಇನ್ನೊಬ್ಬ ಸಹಪಾಠಿ ಸೂ ಕೂಡ ಸ್ನಾನದ ಕೋಣೆಯಲ್ಲಿ ಪ್ಯಾಡು ಎಸೆದವಳೇ. ಪಶ್ಚಾತ್ತಾಪಪಟ್ಟು, ತನ್ನ ಗೆಳೆಯನನ್ನೇ ಕ್ಯಾರಿಯ ಜೊತೆ ಆ ನೃತ್ಯಕೂಟಕ್ಕೆ ಕಳಿಸುತ್ತಾಳೆ. ದುರಂತಕ್ಕೆ ದಾರಿಯಾಗುವುದು ಈ ಒಳ್ಳೆಯತನವೇ.

ಕಿವಿ ತೆರೆದಿರಲಿ. ರಕ್ತ ಸುರಿದ ಕ್ಷಣ ಎಲ್ಲರೂ ನಗುತ್ತಿರುವಂತೆ ಕ್ಯಾರಿಗೆ ಕಾಣುತ್ತದೆ, ಅವಳಿಗಾಗಿ ಮರುಗಿದ ಟೀಚರ್ ಕೂಡ. ಮುಖಗಳನ್ನು ಸರಿಯಾಗಿ ನೋಡಿ: ನಿಜಕ್ಕೂ ನಕ್ಕವರು ಕೆಲವರೇ, ಉಳಿದವರು ದಂಗಾಗಿ ನಿಂತಿದ್ದಾರೆ. ವರ್ಷಗಟ್ಟಲೆ ನಗೆಗೀಡಾದವಳಿಗೆ ಈ ಎರಡರ ವ್ಯತ್ಯಾಸ ಉಳಿದಿಲ್ಲ. ಚಿತ್ರದ ನಿಜವಾದ ಭಯ ಇದು. ಆಮೇಲೆ ಹೊತ್ತಿಕೊಳ್ಳುವ ಬೆಂಕಿ ಅದರ ಫಲವಷ್ಟೆ.

ದೋಷಗಳನ್ನೂ ನೋಡಿ. ಆರಂಭದಲ್ಲಿ ಬೆತ್ತಲೆ ಹುಡುಗಿಯರ ಮೇಲೆ ಕ್ಯಾಮೆರಾ ಆಸೆಗಣ್ಣಿನಿಂದ ಓಡಾಡುತ್ತದೆ. ಹುಡುಗರು ಸೂಟು ಆರಿಸುವ ದೃಶ್ಯವನ್ನು ವೇಗ ಹೆಚ್ಚಿಸಿ ಓಡಿಸಿದ್ದು ಬಾಲಿಶ. ಹಿಚ್‌ಕಾಕ್‌ರ ‘ಸೈಕೋ’ವನ್ನು ನೆನಪಿಸುವ ಪಿಟೀಲಿನ ಚೀರಾಟ ಅತಿಯಾಯಿತು. ಬೆಂಕಿಯ ದೃಶ್ಯದಲ್ಲಿ ತೆರೆಯನ್ನು ಎರಡಾಗಿ ಸೀಳಿದ್ದು ಕಣ್ಣಿಗೆ ಗೊಂದಲ. ಆದರೆ ಇವುಗಳಲ್ಲಿ ಸೋಮಾರಿತನದ ತಪ್ಪು ಯಾವುದು, ಹೊಸದನ್ನು ಮಾಡಹೋಗಿ ಆದ ತಪ್ಪು ಯಾವುದು ಎಂದು ಬೇರ್ಪಡಿಸುವುದನ್ನು ಕಲಿಯಬೇಕು. ಹಗ್ಗದ ಗುಂಟ ಬಕೆಟ್ಟಿನವರೆಗೆ ಏರುವ ಕ್ಯಾಮೆರಾ, ನೃತ್ಯದ ಜೋಡಿಯ ಸುತ್ತ ತಲೆ ತಿರುಗುವಷ್ಟು ಸುತ್ತುವ ಕ್ಯಾಮೆರಾ, ಇವೆರಡೂ ಹೊಸದನ್ನು ಮಾಡುವ ಧೈರ್ಯದಿಂದಲೇ ಬಂದವು. ಸೂ ಕಾಣುವ ಕೊನೆಯ ಕನಸನ್ನು, ಆ ಪಾತ್ರದ ನಟಿಯನ್ನು ಹಿಮ್ಮುಖ ನಡೆಸಿ ಚಿತ್ರಿಸಿ, ತಿರುಗಿಸಿ ತೋರಿಸಿದ್ದಾರೆ. ಅವಳ ನಡಿಗೆಯಲ್ಲಿ ಏನೋ ಸರಿಯಿಲ್ಲ ಅನ್ನಿಸುವುದು ಅದಕ್ಕೇ.

ಈಗ ಈ ಚಿತ್ರವನ್ನು ನಮ್ಮದೊಂದು ಕಥೆಯ ಪಕ್ಕದಲ್ಲಿಡಿ. ಹಗಲು ಫೋರ್ಟಿನ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ತುಳುನಾಡಿನವರಿಗೆ ಕಲ್ಲುರ್ಟಿ ಗೊತ್ತು. ಕಾರ್ಕಳದ ಅರಸ ಶಿಲ್ಪಿ ಕಲ್ಕುಡನ ಒಂದು ಕೈ, ಒಂದು ಕಾಲು ಕಡಿಸಿದ್ದಕ್ಕೆ ಸೇಡು ತೀರಿಸಿಕೊಂಡ ತಂಗಿ ಅವಳು. ಅವಳ ಸಿಟ್ಟನ್ನು ಊರು ಒಪ್ಪಿಕೊಂಡು, ದೈವವೆಂದು ನಂಬಿ, ಕೋಲ ಕೊಟ್ಟಿತು. ಕ್ಯಾರಿಯ ಸಿಟ್ಟಿಗೆ ಅವಳ ಊರಿನಲ್ಲಿ ಗೋರಿಯಲ್ಲದೆ ಬೇರೆ ಜಾಗವಿಲ್ಲ. ಆ ಗೋರಿಯ ಮೇಲೂ ಬೈಗುಳ ಬರೆದಿದ್ದಾರೆ.

ಕ್ಯಾರಿಯ ಪಾತ್ರದ ಸಿಸ್ಸಿ ಸ್ಪೇಸೆಕ್ ಮತ್ತು ತಾಯಿಯ ಪಾತ್ರದ ಪೈಪರ್ ಲಾರಿ ಇಬ್ಬರೂ ಇದಕ್ಕಾಗಿ ಆಸ್ಕರ್‌ಗೆ ನಾಮನಿರ್ದೇಶನ ಪಡೆದರು. ಹಾರರ್‌ಗೆ ಆ ಮನ್ನಣೆ ಅಪರೂಪ. ಚಿಕ್ಕ ಮಕ್ಕಳಿಗೆ ಬೇಡ; ಹದಿಹರೆಯದ ಮಕ್ಕಳಿರುವ ತಂದೆತಾಯಂದಿರು ಮಾತ್ರ ತಪ್ಪದೆ ನೋಡಿ.