ತೆರೆಯಿಂದ ಮರೆಯಾದವರು

ನಾಟಕದ ಕಂಪನಿಯಲ್ಲಿ ನಟನೊಬ್ಬ ಕೈಕೊಟ್ಟು ಹೋದರೆ ಮಾಲೀಕನಿಗೆ ಅಷ್ಟೇನೂ ದಿಗಿಲಿಲ್ಲ. ಮಾರನೆಯ ರಾತ್ರಿ ಇನ್ನೊಬ್ಬನ ತಲೆಗೆ ಅದೇ ಕಿರೀಟವನ್ನಿಟ್ಟು ರಂಗಕ್ಕೆ ನೂಕಬಹುದು. ಅರ್ಜುನ ಅರ್ಜುನನಾಗಿಯೇ ಉಳಿಯುತ್ತಾನೆ. ಟೆಲಿವಿಷನ್ ಧಾರಾವಾಹಿಗೆ ಈ ಸೌಕರ್ಯವಿಲ್ಲ. ಅಲ್ಲಿ ಪಾತ್ರಕ್ಕೂ ಮುಖಕ್ಕೂ ಬಿಡಿಸಲಾಗದ ಗಂಟು ಬಿದ್ದಿರುತ್ತದೆ. ನಟಿಗೆ ಬೇಸರ ಬರಬಹುದು, ಸಂಬಳದ ಮಾತು ಮುರಿಯಬಹುದು, ಕಾಯಿಲೆ ಬರಬಹುದು, ಕೆಲವು ವೇಳೆ ನೋಡುವವರಿಗೇ ಆ ಮುಖ ಬೇಡವಾಗಬಹುದು. ಕಾರಣ ಯಾವುದೇ ಇರಲಿ, ಅದು ಕಥೆಯ ಹೊರಗಿನದು. ಕಥೆಗಾರನಾದವನು ಅದಕ್ಕೆ ಕಥೆಯೊಳಗಿನ ಕಾರಣವೊಂದನ್ನು ಹೊಸೆದು, ಪಾತ್ರವನ್ನು ಬಾಗಿಲವರೆಗೆ ಕಳುಹಿಸಿಕೊಡಬೇಕು.

ವಿಜ್ಞಾನ ಕಥೆಯ ಧಾರಾವಾಹಿಗಳಲ್ಲಿ ಈ ಕೆಲಸ ಮೇಲುನೋಟಕ್ಕೆ ಬಹು ಸುಲಭವಾಗಿ ಕಾಣುತ್ತದೆ. ಅಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸಬಹುದು, ಸತ್ತವರನ್ನು ಮತ್ತೊಂದು ಲೋಕದಿಂದ ಎರವಲು ತರಬಹುದು. ೧೯೬೬ರಲ್ಲಿ ಬ್ರಿಟನ್ನಿನ 'ಡಾಕ್ಟರ್ ಹೂ' ಧಾರಾವಾಹಿಯ ನಾಯಕ ವಿಲಿಯಂ ಹಾರ್ಟ್‌ನೆಲ್ಲರ ಆರೋಗ್ಯ ಕೆಟ್ಟಾಗ, ಕಥಾನಾಯಕನ ದೇಹವೇ ಬದಲಾಗಿ ಪ್ಯಾಟ್ರಿಕ್ ಟ್ರೌಟನ್ನರ ಮುಖ ಬಂದಿತೆಂದು ತೋರಿಸಿ ಪಾರಾದರು. ಆ ಉಪಾಯದ ಬಲದಿಂದ ಕಥೆ ಇಂದಿಗೂ ನಿಂತಿದೆ. ಆದರೆ ಈ ಸುಲಭವೇ ತೊಡಕು. ಸಾವು ಕೊನೆಯಲ್ಲದ ಜಗತ್ತಿನಲ್ಲಿ ನೋಡುವವನು ಯಾರಿಗಾಗಿ ಏಕೆ ಅಳಬೇಕು? ಈ ಬಗೆಯ ಧಾರಾವಾಹಿಗಳನ್ನು ಬಹುಕಾಲ ನೋಡಿದ ಮೇಲೆ ನನಗೆ ತೋರುವುದಿಷ್ಟು: ಇಲ್ಲಿ ಒಂದು ನಿರ್ಗಮನದ ಬೆಲೆ ಪಾತ್ರ ಹೊರಟುಹೋದ ದಿನ ತೀರ್ಮಾನವಾಗುವುದಿಲ್ಲ; ಹೋದವರನ್ನು ಆ ಕಥೆ ಆಮೇಲೆ ಹೇಗೆ ನೆನೆಯಿತು ಎಂಬುದರಲ್ಲಿ ತೀರ್ಮಾನವಾಗುತ್ತದೆ.

ಇದಕ್ಕೆ ತಾಷಾ ಯಾರ್ ಎಂಬವಳಿಗಿಂತ ಒಳ್ಳೆಯ ನಿದರ್ಶನ ಸಿಕ್ಕದು. ೧೯೮೭ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಧಾರಾವಾಹಿಯಲ್ಲಿ ಈಕೆ ಎಂಟರ್‌ಪ್ರೈಸ್ ಎಂಬ ಆಕಾಶನೌಕೆಯ ಭದ್ರತಾ ಅಧಿಕಾರಿ. ಆ ಪಾತ್ರವನ್ನು ವಹಿಸಿದ್ದವರು ಡೆನಿಸ್ ಕ್ರಾಸ್ಬಿ. ತಮ್ಮ ಪಾತ್ರಕ್ಕೆ ಮಾಡಲು ಕೆಲಸವೇ ಇಲ್ಲವೆಂದು ಬೇಸತ್ತು, ಮೊದಲನೆಯ ವರ್ಷವೇ ಬಿಡುಗಡೆ ಕೇಳಿದರು. ೧೯೮೮ರ ಏಪ್ರಿಲ್‌ನಲ್ಲಿ ಬಂದ 'ಸ್ಕಿನ್ ಆಫ್ ಈವಿಲ್' ಎಂಬ ಸಂಚಿಕೆಯಲ್ಲಿ ತಾಷಾ ಸತ್ತಳು. ಸತ್ತ ರೀತಿ ಹೀಗೆ: ಯಾವುದೋ ಬಂಜರು ಗ್ರಹದಲ್ಲಿ ಡಾಂಬರಿನ ಹೊಂಡದಂಥ ಕರಿಯ ಜೀವಿಯೊಂದು ದಾರಿಗೆ ಅಡ್ಡವಾಗಿರುತ್ತದೆ. ಅದರಾಚೆ ಬಿದ್ದಿರುವ ಜೊತೆಯವಳನ್ನು ಕಾಪಾಡಲು ತಾಷಾ ಒಂದೆರಡು ಹೆಜ್ಜೆ ಮುಂದಿಡುತ್ತಾಳೆ. ಜೀವಿ ಅವಳನ್ನು ಎತ್ತಿ ಎಸೆಯುತ್ತದೆ. ಅಷ್ಟೆ. ಕೊನೆಯ ಮಾತಿಲ್ಲ, ಯುದ್ಧವಿಲ್ಲ, ತ್ಯಾಗವಿಲ್ಲ. ಕಥೆ ಇನ್ನೂ ಅರ್ಧಕ್ಕೆ ಬಂದಿರುವುದಿಲ್ಲ.

ಈ ಸಂಚಿಕೆಯ ಕಥೆಯನ್ನು ಹೆಣೆದವರು ಜೋಸೆಫ್ ಸ್ಟೆಫಾನೊ. ೧೯೬೦ರಲ್ಲಿ ಹಿಚ್‌ಕಾಕ್‌ನ 'ಸೈಕೊ' ಚಿತ್ರಕ್ಕೆ ಚಿತ್ರಕಥೆ ಬರೆದು, ನಾಯಕಿಯೆಂದು ಎಲ್ಲರೂ ನಂಬಿದ್ದ ಹೆಣ್ಣನ್ನು ನಡುವೆಯೇ ಕೊಲ್ಲಿಸಿದ ಅದೇ ಮನುಷ್ಯ! ಪ್ರೇಕ್ಷಕನ ಕಾಲ ಕೆಳಗಿನ ಹಲಗೆಯನ್ನು ಎಳೆಯುವುದು ಆತನಿಗೆ ಹೊಸದಾಗಿರಲಿಲ್ಲ. ಆದರೂ ಆ ಸಂಚಿಕೆಯನ್ನು ಬಹುಮಂದಿ ಜರೆದರು. ಇಷ್ಟು ಅರ್ಥಹೀನವಾದ ಸಾವೇ ಎಂದರು. ಸಂಚಿಕೆ ದುರ್ಬಲವೆಂಬುದನ್ನು ನಾನೂ ಒಪ್ಪುತ್ತೇನೆ. ಆ ಕರಿಯ ಜೀವಿ ಹೆದರಿಸುವುದಕ್ಕಿಂತ ನಗಿಸುವುದೇ ಹೆಚ್ಚು. ಆದರೆ ಸಾವಿನ ಬಗೆಗೆ ಎತ್ತಿದ ಆಕ್ಷೇಪಣೆಯನ್ನು ಒಪ್ಪಲಾರೆ. ೧೯೬೬ರಿಂದ ೧೯೬೯ರವರೆಗೆ ನಡೆದ ಹಳೆಯ 'ಸ್ಟಾರ್ ಟ್ರೆಕ್'ನಲ್ಲಿ ಕೆಂಪು ಅಂಗಿಯ ಕಾವಲುಗಾರರು ನಾಯಕನೊಡನೆ ಅಪರಿಚಿತ ಗ್ರಹಗಳಿಗೆ ಇಳಿದು ಸಾಯುತ್ತಿದ್ದರು. ಅವರ ಸಾವಿಗೆ ಅರ್ಥವಿದೆಯೆ ಎಂದು ಯಾರೂ ಕೇಳಲಿಲ್ಲ. ಬಹುಮಂದಿಯ ಹೆಸರನ್ನು ಕೂಡ ಕೇಳಲಿಲ್ಲ. ಅದೇ ಸಾವು ಹೆಸರಿರುವವಳಿಗೆ ಬಂದಾಗ ನಮಗೆ ಅನ್ಯಾಯವಾಯಿತೆನಿಸಿತು. ಕಾವಲಿನ ಕೆಲಸದವರು ಸಾಯುವುದು ಹೀಗೆಯೇ ಅಲ್ಲವೆ?

ನನಗೆ ಒಪ್ಪಿಗೆಯಾಗದ್ದು ಸಂಚಿಕೆಯ ಕೊನೆಯ ಭಾಗ. ಸತ್ತವಳು ಮೊದಲೇ ಮಾಡಿಟ್ಟಿದ್ದ ಬೆಳಕಿನ ಪ್ರತಿಮೆಯೊಂದು ಎದ್ದುನಿಂತು, ಗೆಳೆಯರೊಬ್ಬೊಬ್ಬರಿಗೂ ಒಂದೊಂದು ಒಳ್ಳೆಯ ಮಾತು ಹೇಳುತ್ತದೆ. ಸಾವಿಗೆ ನಿರಾಕರಿಸಿದ ಭಾಷಣವನ್ನು ಸತ್ತ ಮೇಲೆ ಕೊಟ್ಟಂತಾಯಿತು. ಆದರೆ ಅದರ ಹಿಂದೆಯೇ ಒಂದು ಪುಟ್ಟ ಸಂಭಾಷಣೆ ಇದೆ. ಡೇಟಾ ಎಂಬ ಯಂತ್ರಮಾನವ ನಾಯಕ ಪಿಕಾರ್ಡನ ಬಳಿಗೆ ಬಂದು, ತನ್ನ ಯೋಚನೆಯೆಲ್ಲ ಅವಳ ಕಡೆಗೆ ಹೋಗದೆ ತನ್ನ ಕಡೆಗೇ ಹೋಗುತ್ತಿದೆ, ಅವಳಿಲ್ಲದೆ ತನಗೆ ಎಷ್ಟು ಬರಿದಾಗುವುದೋ ಎಂದೇ ತೋರುತ್ತಿದೆ, ಈ ಸಭೆಯ ಉದ್ದೇಶ ತನಗೆ ಅರ್ಥವಾಗಲಿಲ್ಲವೇನೋ ಎಂದು ಕೇಳುತ್ತಾನೆ. ಅರ್ಥವಾಗಿದೆಯೆಂದು ಪಿಕಾರ್ಡ್ ಹೇಳುತ್ತಾನೆ. ಆ ಸಂಚಿಕೆಯ ಉಳಿದೆಲ್ಲ ಹೋದರೂ ಇದೊಂದು ಉಳಿಯುತ್ತದೆ.

ಮರುವರ್ಷ, ೧೯೮೯ರ 'ದಿ ಮೆಷರ್ ಆಫ್ ಎ ಮ್ಯಾನ್' ಸಂಚಿಕೆಯಲ್ಲಿ, ಈ ಡೇಟಾ ಸ್ವತಂತ್ರ ವ್ಯಕ್ತಿಯೋ ಸರ್ಕಾರದ ಸೊತ್ತೋ ಎಂಬ ವಿಚಾರಣೆ ನಡೆಯುತ್ತದೆ. ಅವನು ಪ್ರಯಾಣಕ್ಕೆಂದು ಕಟ್ಟಿಟ್ಟುಕೊಂಡ ವಸ್ತುಗಳನ್ನು ನ್ಯಾಯಾಧಿಕಾರಿಯ ಎದುರಿಗೆ ತೆಗೆಯುತ್ತಾರೆ. ಪದಕಗಳು, ಪಿಕಾರ್ಡ್ ಕೊಟ್ಟ ಒಂದು ಪುಸ್ತಕ, ಜೊತೆಗೆ ತಾಷಾಳ ಒಂದು ಪುಟ್ಟ ಬೆಳಕಿನ ಚಿತ್ರ. ಅದನ್ನೇಕೆ ಇಟ್ಟುಕೊಂಡೆ ಎಂದರೆ ಯಂತ್ರ ಸ್ವಲ್ಪ ಸಂಕೋಚಪಡುತ್ತದೆ. ಯಂತ್ರ ಮನುಷ್ಯನೆಂಬುದಕ್ಕೆ ಆ ಸಭೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇರೆ ಇಲ್ಲ. ಒಬ್ಬಳು ಯಾವ ಅರ್ಥವೂ ಇಲ್ಲದೆ ಸತ್ತಳು. ಉಳಿದವನೊಬ್ಬ ಅವಳನ್ನು ಇಟ್ಟುಕೊಂಡ. ಅದರಿಂದ ಅವನು ಯಾರೆಂಬುದು ಗೊತ್ತಾಯಿತು. ಕಥೆ ಇಲ್ಲಿಗೆ ನಿಂತಿದ್ದರೆ ತಾಷಾಳ ನಿರ್ಗಮನವನ್ನು ಅತ್ಯುತ್ತಮವಾದದ್ದೆಂದು ಹೇಳಿಬಿಡುತ್ತಿದ್ದೆ.

ನಿಲ್ಲಲಿಲ್ಲ. ೧೯೯೦ರ 'ಯೆಸ್ಟರ್‌ಡೇಸ್ ಎಂಟರ್‌ಪ್ರೈಸ್'ನಲ್ಲಿ ಇಪ್ಪತ್ತೆರಡು ವರ್ಷ ಹಿಂದಿನ ನೌಕೆಯೊಂದು ಕಾಲದ ಬಿರುಕಿನಿಂದ ತೂರಿ ಬರುತ್ತದೆ, ಚರಿತ್ರೆ ಬದಲಾಗುತ್ತದೆ, ಬದಲಾದ ಚರಿತ್ರೆಯಲ್ಲಿ ತಾಷಾ ಬದುಕಿದ್ದಾಳೆ. ವೂಪಿ ಗೋಲ್ಡ್‌ಬರ್ಗ್ ವಹಿಸಿದ ಗೈನನ್ ಎಂಬ ಪಾತ್ರಕ್ಕೆ ಮಾತ್ರ ಏನೋ ತಪ್ಪಾಗಿದೆಯೆಂಬ ಅರಿವು. ನೀನು ಇಲ್ಲಿ ಇರಬೇಕಾದವಳಲ್ಲ, ನಿನ್ನದು ಅರ್ಥವಿಲ್ಲದ ಸಾವಾಗಿತ್ತು ಎಂದು ಅವಳು ತಾಷಾಳಿಗೆ ತಿಳಿಸುತ್ತಾಳೆ. ಚರಿತ್ರೆ ಸರಿಹೋಗಲು ಆ ಹಳೆಯ ನೌಕೆ ಹಿಂದಿರುಗಿ ನಾಶವಾಗಲೇಬೇಕು. ತಾಷಾ ತಾನಾಗಿ ಅನುಮತಿ ಕೇಳಿ ಅದನ್ನು ಹತ್ತುತ್ತಾಳೆ. ಇದನ್ನು ಮೆಚ್ಚದವರಿಲ್ಲ, ನಾನೂ ಮೆಚ್ಚಿದವನೇ. ಕ್ರಾಸ್ಬಿಯವರಿಗೆ ಮೊದಲ ವರ್ಷವೆಲ್ಲ ಸಿಕ್ಕದ ಕೆಲಸ ಇಲ್ಲಿ ಒಂದು ಗಂಟೆಯೊಳಗೆ ಸಿಕ್ಕಿತು. ಆದರೆ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಆಡುತ್ತದೆ. ಅರ್ಥವಿಲ್ಲದ ಸಾವನ್ನು ತಿದ್ದಿ ಅರ್ಥವಿರುವ ಸಾವನ್ನು ಕೊಡಬೇಕೆಂಬ ಹಂಬಲ ಬರಹಗಾರರದೆ, ನೋಡುವವರದೆ? ಡೇಟಾ ತನ್ನ ಚೀಲದಲ್ಲಿ ಇಟ್ಟುಕೊಂಡದ್ದು ಆ ಅರ್ಥವಿಲ್ಲದೆ ಸತ್ತವಳನ್ನೇ.

ಮುಂದೆ ೧೯೯೧ರಲ್ಲಿ ಅದೂ ಕೆಟ್ಟಿತು. ಸೆಲಾ ಎಂಬ ಶತ್ರುಪಕ್ಷದ ಅಧಿಕಾರಿಯೊಬ್ಬಳು ಬರುತ್ತಾಳೆ. ಅದೇ ನಟಿ. ತಾನು ತಾಷಾಳ ಮಗಳು. ಆ ನೌಕೆಯಲ್ಲಿ ತಾಯಿ ಸೆರೆಸಿಕ್ಕಳು. ಜೊತೆಯವರ ಪ್ರಾಣಕ್ಕಾಗಿ ಶತ್ರು ಸೇನಾಪತಿಯ ಮನೆ ಸೇರಿದಳು. ನಾಲ್ಕು ವರ್ಷದ ತನ್ನನ್ನೆತ್ತಿಕೊಂಡು ಓಡಿಹೋಗಲು ಹವಣಿಸಿದಾಗ ತಾನೇ ಕೂಗಿ ಹಿಡಿಸಿಕೊಟ್ಟೆ. ತಾಯಿಯನ್ನು ಕೊಂದರು ಎಂದು ಹೇಳುತ್ತಾಳೆ. ಮೂರು ಸಾವುಗಳಾದವು. ಮೂರನೆಯದು ಕ್ರೂರವಾಗಿದೆ, ಆದರೂ ನೋಯಿಸುವುದಿಲ್ಲ, ಏಕೆಂದರೆ ಅದನ್ನು ನಾವು ಮಾತಿನಲ್ಲಿ ಕೇಳುತ್ತೇವೆಯೇ ಹೊರತು ಯಾರ ಚೀಲದಲ್ಲೂ ಕಾಣುವುದಿಲ್ಲ.

ಮರೆತುಬಿಡುವುದು ಇದಕ್ಕಿಂತ ಮೇಲೆ ಎಂದು ಹೇಳುತ್ತಿಲ್ಲ. 'ಡಾಕ್ಟರ್ ಹೂ'ನ ಡೋಡೊ ಎಂಬ ಹುಡುಗಿಯನ್ನು ೧೯೬೬ರಲ್ಲಿ ಕಥೆಯ ನಡುವೆಯೇ ವಿಶ್ರಾಂತಿಗೆಂದು ಹಳ್ಳಿಗೆ ಕಳುಹಿಸಿ, ಕೊನೆಯಲ್ಲಿ ಬೇರೆಯವರ ಬಾಯಿಂದ ತಾನು ಲಂಡನ್ನಿನಲ್ಲಿಯೇ ಉಳಿಯುತ್ತೇನೆಂದು ಹೇಳಿಸಿ ಮುಗಿಸಿದರು. ಮನೆಯ ಕೆಲಸದವಳನ್ನು ಬಿಡಿಸುವಾಗಲೂ ಇದಕ್ಕಿಂತ ಎರಡು ಮಾತು ಹೆಚ್ಚು ಆಡುತ್ತೇವೆ.

ತಪ್ಪಾಗಿ ನೆನೆಯುವುದು ಇನ್ನೊಂದು ಬಗೆಯ ಅನ್ಯಾಯ. 'ಸ್ಟಾರ್ ಟ್ರೆಕ್: ವಾಯೇಜರ್'ನಲ್ಲಿ ಕೆಸ್ ಎಂಬ ಮೃದುಸ್ವಭಾವದ ಹುಡುಗಿಯಿದ್ದಳು, ಜೆನಿಫರ್ ಲಿಯೆನ್ ಅಭಿನಯ. ಅವಳ ಕುಲದವರ ಆಯುಸ್ಸು ಒಂಬತ್ತೇ ವರ್ಷ. ೧೯೯೭ರಲ್ಲಿ ಜೆರಿ ರಯನ್ನರ ಹೊಸ ಪಾತ್ರ ಬಂದಿತು. ಅದರ ಬೆನ್ನಿಗೇ ಕೆಸ್ ಹೊರಟಳು. ಹೊರಟದ್ದು ಚೆನ್ನಾಗಿತ್ತು: ಶರೀರವೇ ಬೆಳಕಾಗಿ ಕರಗುತ್ತ, ಹೋಗುವ ಮುನ್ನ ನೌಕೆಯನ್ನು ಹತ್ತು ವರ್ಷದ ದಾರಿಯಷ್ಟು ಊರಿನ ಹತ್ತಿರಕ್ಕೆ ನೂಕಿದಳು. ಇಷ್ಟು ಕೊಟ್ಟು ಹೋದವಳನ್ನು ೨೦೦೦ದಲ್ಲಿ 'ಫ್ಯೂರಿ' ಎಂಬ ಸಂಚಿಕೆಗೆ ಮುದುಕಿಯಾಗಿ, ಸೇಡಿನ ಮೂರ್ತಿಯಾಗಿ ಕರೆತಂದರು. ಅವಳಿಗೇಕೆ ಅಷ್ಟು ಕೋಪವೆಂದು ಎಷ್ಟು ನೋಡಿದರೂ ನನಗೆ ಮನವರಿಕೆಯಾಗಿಲ್ಲ. ಆ ಒಂದು ಸಂಚಿಕೆ, ಮೊದಲಿನ ಆ ಬೀಳ್ಕೊಡುಗೆಯನ್ನೂ ಹಿಂದಿರುಗಿ ಕೆಡಿಸಿತು.

ನೋಡುವವರಿಗೆ ಬೇಡವಾದ ಪಾತ್ರಗಳ ಮಾತು ಬೇರೆ. ಎಂಟರ್‌ಪ್ರೈಸ್ ನೌಕೆಯಲ್ಲಿಯೇ ವೆಸ್ಲಿ ಎಂಬ ಹುಡುಗನಿದ್ದ. ಧಾರಾವಾಹಿಯ ಜನಕ ಜೀನ್ ರಾಡನ್‌ಬೆರಿ ತಮ್ಮ ಹೆಸರಿನ ನಡುಭಾಗವನ್ನೇ ಅವನಿಗೆ ಕೊಟ್ಟಿದ್ದರು. ಹಿರಿಯರೆಲ್ಲ ಕೈಚೆಲ್ಲಿ ಕುಳಿತಾಗ ಇವನು ಉಪಾಯ ಹೇಳುವನು. ಅದೂ ಮೇಲಿಂದ ಮೇಲೆ. ಜನಕ್ಕೆ ರೇಗಿತು. ಆ ಕೋಪವನ್ನೆಲ್ಲ ನಿಜವಾಗಿ ಹೊತ್ತವನು ವಿಲ್ ವೀಟನ್ ಎಂಬ ಹದಿಹರೆಯದ ನಟ. ಅದು ತಮ್ಮನ್ನು ಎಷ್ಟು ನೋಯಿಸಿತೆಂಬುದನ್ನು ದೊಡ್ಡವರಾದ ಮೇಲೆ ಬಹಿರಂಗವಾಗಿ ಹೇಳಿದ್ದಾರೆ. ಬರೆದವರ ತಪ್ಪಿಗೆ ಬಾಲಕನನ್ನು ಬಯ್ದ ನಾವು ತಲೆ ತಗ್ಗಿಸಬೇಕಾದ ವಿಷಯ. ೧೯೯೦ರಲ್ಲಿ ವೆಸ್ಲಿಯನ್ನು ಸೈನ್ಯದ ವಿದ್ಯಾಶಾಲೆಗೆ ಕಳುಹಿಸಿದರು. ವಿಚಿತ್ರವೆಂದರೆ, ಹೊರಟುಹೋದ ಮೇಲೆಯೇ ಅವನು ಮನುಷ್ಯನಾದ. ೧೯೯೨ರ 'ದಿ ಫಸ್ಟ್ ಡ್ಯೂಟಿ'ಯಲ್ಲಿ, ನಿಷೇಧಿಸಿದ ಹಾರಾಟವೊಂದರಲ್ಲಿ ಸಹಪಾಠಿಯೊಬ್ಬ ಸಾಯುತ್ತಾನೆ; ಗೆಳೆಯರೊಡನೆ ಸೇರಿ ವೆಸ್ಲಿ ಸತ್ಯವನ್ನು ಮುಚ್ಚಿಡುತ್ತಾನೆ; ಪಿಕಾರ್ಡನ ಎದುರಿಗೆ ಸಿಕ್ಕಿಬೀಳುತ್ತಾನೆ. ಸುಳ್ಳು ಹೇಳಿ ನಾಚಿದ ಆ ಹುಡುಗನನ್ನು ಮೊದಲೇ ಕೊಟ್ಟಿದ್ದರೆ ಯಾರೂ ದ್ವೇಷಿಸುತ್ತಿರಲಿಲ್ಲ.

ಹೊರಗಿನ ಕಾರಣವನ್ನು ಒಳಗಿನ ಕಾರಣವಾಗಿ ಮಾಡಿದ ಬಗೆಯಲ್ಲಿ 'ಬ್ಯಾಬಿಲನ್ ೫' ದೊಡ್ಡದು. ಅದರ ಕರ್ತೃ ಮೈಕೆಲ್ ಸ್ಟ್ರಾಜಿನ್ಸ್ಕಿ ಐದು ವರ್ಷಗಳ ಕಥೆಯನ್ನು ಮೊದಲೇ ಯೋಚಿಸಿಟ್ಟವರು. ನಟರು ಯಾರಾದರೂ ಬಿಟ್ಟುಹೋದರೆಂದು ಪಾತ್ರಗಳಿಗೆಲ್ಲ ಒಂದೊಂದು ಗುಪ್ತ ಬಾಗಿಲನ್ನೂ ಇಟ್ಟುಕೊಂಡಿದ್ದರು. ನಾಯಕ ಸಿಂಕ್ಲೇರ್ ೧೯೯೪ರ ಮೊದಲ ಭಾಗ ಮುಗಿಯುತ್ತಲೂ ತೆರೆಯಿಂದ ಮರೆಯಾದ. ೧೯೯೬ರಲ್ಲಿ ಎರಡು ಸಂಚಿಕೆಗಳಿಗೆ ಮಾತ್ರ ಹಿಂದಿರುಗಿ, ಸಾವಿರ ವರ್ಷ ಹಿಂದಿನ ಕಾಲಕ್ಕೆ ಹೋಗಿ, ಅನ್ಯಜನಾಂಗವೊಂದರ ಪೂಜ್ಯ ನಾಯಕನೇ ಆದ. ಅಲ್ಲಿಯವರೆಗೆ ಆ ಕಥೆಯಲ್ಲಿ ಎಲ್ಲರೂ ಭಕ್ತಿಯಿಂದ ಉಚ್ಚರಿಸುತ್ತಿದ್ದ ಹೆಸರು ಅವನದೇ ಎಂದು ತಿಳಿದಾಗ, ಅವನಿಲ್ಲದ ಸಂಚಿಕೆಗಳಲ್ಲೂ ಅವನಿದ್ದನೆಂದಾಯಿತು. ನಟ ಮೈಕೆಲ್ ಒ'ಹೇರ್ ಬಿಟ್ಟದ್ದೇಕೆಂದು ಬಹುಕಾಲ ಊಹಾಪೋಹಗಳು ನಡೆದವು. ಅವರು ೨೦೧೨ರಲ್ಲಿ ತೀರಿಕೊಂಡರು. ತೀವ್ರವಾದ ಮನೋವ್ಯಾಧಿಯಿಂದ ನರಳುತ್ತಲೇ ಅಭಿನಯಿಸಿದ್ದರೆಂಬುದನ್ನು ಸ್ಟ್ರಾಜಿನ್ಸ್ಕಿ ಮರುವರ್ಷ ತಿಳಿಸಿದರು. ತಮ್ಮಂಥ ಇತರರಿಗೆ ಉಪಯೋಗವಾಗಲೆಂದು, ತಾವು ಸತ್ತ ಮೇಲೆ ಹೇಳಬಹುದೆಂದು ಒ'ಹೇರ್ ಅವರೇ ಒಪ್ಪಿದ್ದರಂತೆ. ಈಗ ಆ ಎರಡು ಸಂಚಿಕೆಗಳನ್ನು ನೋಡಿದರೆ ಆ ಮುಖದ ಆಯಾಸ ಬೇರೆಯಾಗಿಯೇ ಕಾಣುತ್ತದೆ.

ಕೊನೆಗೆ ಏಡ್ರಿಕ್. 'ಡಾಕ್ಟರ್ ಹೂ'ನಲ್ಲಿ ೧೯೮೦ರಲ್ಲಿ ಬಂದ ಈ ಹುಡುಗನ ಪಾತ್ರವನ್ನು ಮ್ಯಾಥ್ಯೂ ವಾಟರ್‌ಹೌಸ್ ವಹಿಸಿದ್ದರು. ಗಣಿತದಲ್ಲಿ ಜಾಣ, ಮಾತಿನಲ್ಲಿ ಜಂಬದವ, ಮುನಿಸು ಬೇಗ. ಅವನನ್ನು ಸಹಿಸದವರು ಬಹಳ ಮಂದಿ, ನಾನೂ ಅವರಲ್ಲೊಬ್ಬ. ೧೯೮೨ರ ಮಾರ್ಚ್‌ನ 'ಅರ್ಥ್‌ಶಾಕ್' ಕಥೆಯಲ್ಲಿ ಭೂಮಿಗೆ ಅಪ್ಪಳಿಸಲಿರುವ ನೌಕೆಯೊಂದರಲ್ಲಿ ಅವನೊಬ್ಬನೇ ಉಳಿದು, ಅದನ್ನು ತಿರುಗಿಸಲು ಲೆಕ್ಕ ಬಿಡಿಸುತ್ತ ಕುಳಿತಿರುತ್ತಾನೆ. ಉತ್ತರ ಸಿಕ್ಕಿತೆನ್ನುವಾಗ ಶತ್ರುವೊಬ್ಬ ಯಂತ್ರವನ್ನು ಸುಟ್ಟುಬಿಡುತ್ತಾನೆ. ತನ್ನ ಲೆಕ್ಕ ಸರಿಯೇ ತಪ್ಪೇ ಎಂದು ತಿಳಿಯದೆಯೇ ಹುಡುಗ ಸಾಯುತ್ತಾನೆ. ಆ ಸಂಚಿಕೆಯ ಕೊನೆಯಲ್ಲಿ ವಾಡಿಕೆಯ ಸಂಗೀತ ಬರಲಿಲ್ಲ. ಒಡೆದುಬಿದ್ದ ಅವನ ಗಣಿತದ ಬಿಲ್ಲೆಯ ಮೇಲೆ ಹೆಸರುಗಳು ಸದ್ದಿಲ್ಲದೆ ಹರಿದವು.

ಕಾಲಯಂತ್ರ ಕೈಯಲ್ಲೇ ಇದೆ. ಮುಂದಿನ ಕಥೆಯ ಆರಂಭದಲ್ಲೇ ಜೊತೆಯ ಹುಡುಗಿಯರು, ಹಿಂದಕ್ಕೆ ಹೋಗಿ ಅವನನ್ನು ಬದುಕಿಸೋಣವೆಂದು ಡಾಕ್ಟರನನ್ನು ಬೇಡುತ್ತಾರೆ. ಈ ಯಂತ್ರವಿದ್ದರೂ ಮೀರಬಾರದ ನಿಯಮಗಳಿವೆ ಎಂದು ಡಾಕ್ಟರ್ ಸಿಟ್ಟಿನಿಂದ ನಿರಾಕರಿಸುತ್ತಾನೆ. ಆಮೇಲೆ ಧಾರಾವಾಹಿಯಲ್ಲಿ ಆ ಹೆಸರು ಅಪರೂಪ. ಎರಡು ವರ್ಷ ಕಳೆದು, ೧೯೮೪ರಲ್ಲಿ ಪೀಟರ್ ಡೇವಿಸನ್ನರ ಡಾಕ್ಟರನ ಸರದಿ ಬಂದಿತು. ಒಬ್ಬಳನ್ನು ಉಳಿಸಲು ಇದ್ದ ಮದ್ದನ್ನೆಲ್ಲ ಅವಳಿಗೇ ಕುಡಿಸಿ ಅವನು ನೆಲದ ಮೇಲೆ ಬಿದ್ದಿರುತ್ತಾನೆ. ಹಳೆಯ ಜೊತೆಗಾರರ ಮುಖಗಳು ಒಂದೊಂದಾಗಿ ಸುತ್ತ ತೇಲುತ್ತವೆ. ಆ ಮುಖ ಕಳಚಿ ಬೇರೆಯ ಮುಖ ಬರುವುದಕ್ಕೆ ಮುಂಚೆ ಅವನ ಬಾಯಿಂದ ಹೊರಟ ಕೊನೆಯ ಮಾತು, ಯಾರಿಗೂ ಬೇಡವಾಗಿದ್ದ ಆ ಹುಡುಗನ ಹೆಸರು.