ಕಣಜದ ಲೆಕ್ಕ, ಆಪಾಳ ಲೆಕ್ಕ

ತ್ಯಾಗವನ್ನು ಕೊಂಡಾಡುವುದರಲ್ಲಿ ನಮ್ಮ ಸಾಹಿತ್ಯ, ಉರ್ದುವಿರಲಿ ಕನ್ನಡವಿರಲಿ, ಎಂದೂ ಹಿಂದೆ ಬಿದ್ದಿಲ್ಲ. ಆದರೆ ಆ ತ್ಯಾಗಕ್ಕೆ ತೆತ್ತ ಬೆಲೆ ಎಷ್ಟೆಂದು ಕೇಳುವುದಕ್ಕೆ ನಾವು ಸಂಕೋಚಪಡುತ್ತೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಈ ಪ್ರಶ್ನೆಯನ್ನು ಒಂದು ಹುಳುವಿನ ಮುಂದಿಟ್ಟರು. ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ಕುರಿತ ಅವರ ಇಂಗ್ಲಿಷ್ ಗ್ರಂಥ 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ಕಥೆ ಬರೆಯುವವರೂ ಓದಬೇಕಾದ ಪುಸ್ತಕವಿದು.

ಈ ಕಣಜದ ಗೂಡಿನಲ್ಲಿ ಮೊಟ್ಟೆ ಇಡುವವಳು ರಾಣಿ ಒಬ್ಬಳೇ. ಉಳಿದ ಹೆಣ್ಣುಗಳು ಆಹಾರ ತರುತ್ತ, ಅವಳ ಮರಿಗಳನ್ನು ಸಾಕುತ್ತ ಸಾಯುತ್ತವೆ. ಹೀಗೇಕೆ? 1964ರಲ್ಲಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಒಂದು ಸೂತ್ರ ಕೊಟ್ಟರು: ಪಡೆದವರ ಲಾಭವನ್ನು ರಕ್ತಸಂಬಂಧದ ಪ್ರಮಾಣದಿಂದ ಗುಣಿಸಿದ ಮೊತ್ತ ಕೊಟ್ಟವರ ನಷ್ಟಕ್ಕಿಂತ ಹೆಚ್ಚಿದ್ದರೆ, ಪರೋಪಕಾರದ ಗುಣ ತಲೆಮಾರುಗಳಲ್ಲಿ ಉಳಿಯುತ್ತದೆ. ಇಲ್ಲಿ ಲಾಭನಷ್ಟವೆಂದರೆ ಸಂತಾನದ ಎಣಿಕೆ ಮಾತ್ರ. ಮನಸ್ಸಿನ ಮಾತು ಇದರಲ್ಲಿ ಬರುವುದಿಲ್ಲ.

ಗದಗಕರ್ ಮತ್ತು ಸಂಗಡಿಗರು ಅಳೆದಾಗ, ಈ ಕಣಜದ ಸೋದರಿಯರಲ್ಲಿ ನಿರೀಕ್ಷಿಸಿದ್ದ ಮುಕ್ಕಾಲು ಪಾಲು ಸಂಬಂಧ ಕಾಣಲಿಲ್ಲ, ಅರ್ಧದ ಆಸುಪಾಸಿನಲ್ಲಿತ್ತು. ರಕ್ತವೊಂದರಿಂದಲೇ ಒಗಟು ಬಿಡಿಸಲಾಗದೆಂದು ಅವರು ನಷ್ಟದ ಕಡೆ ತಿರುಗಿದರು. ಹೆಣ್ಣುಗಳನ್ನು ಒಂಟಿಯಾಗಿ ಪಂಜರದಲ್ಲಿಟ್ಟಾಗ ಸುಮಾರು ಅರ್ಧದಷ್ಟು ತಾವೇ ಗೂಡು ಕಟ್ಟಿ ಮೊಟ್ಟೆ ಇಟ್ಟವು. ಅವು ತಾಯಾಗಬಲ್ಲವಾಗಿದ್ದವು, ಉಳಿದವುಗಳಿಗೆ ಕಳೆದುಕೊಳ್ಳಲು ಇದ್ದುದೇ ಕಡಿಮೆ. ಇನ್ನು ಮೊಟ್ಟೆ ಬೆಳೆದು ಕಣಜವಾಗಲು ಸುಮಾರು ಎರಡು ತಿಂಗಳು ಬೇಕು. ಕೆಲಸಗಾರ್ತಿಯ ಸರಾಸರಿ ಆಯುಸ್ಸು ಒಂದು ತಿಂಗಳ ಆಸುಪಾಸು. ಒಂಟಿ ತಾಯಿ ನಡುವೆ ಸತ್ತರೆ ಪಟ್ಟ ಪಾಡೆಲ್ಲ ಮಣ್ಣುಪಾಲು. ಗೂಡಿನಲ್ಲಿ ಸತ್ತರೆ ಅವಳು ಬಿಟ್ಟ ಕೆಲಸವನ್ನು ಇನ್ನೊಬ್ಬಳು ಮುಂದುವರಿಸುತ್ತಾಳೆ. ಹಿಡಿಯದೆ ಹೋದ ದಾರಿಯಲ್ಲಿ ಏನು ಸಿಗುತ್ತಿತ್ತೋ ಅದೇ ನಿಜವಾದ ನಷ್ಟ. ಪುಸ್ತಕದ ದೊಡ್ಡ ಗುಣ ಈ ವಿವೇಕ.

ಬೀದರ್, ಭಾಲ್ಕಿ, ಔರಾದಗಳಲ್ಲಿ ತಾಯಿ ತೀರಿಕೊಂಡ ಮೇಲೆ ಶಾಲೆ ಬಿಟ್ಟು ತಮ್ಮ ತಂಗಿಯರನ್ನು ಸಾಕಿದ ಆಪಾ ಇದ್ದಾಳೆ, ಅಕ್ಕ ಇದ್ದಾಳೆ. ನಮ್ಮ ಕಥೆಗಳು ಅವಳು ತಟ್ಟಿದ ರೊಟ್ಟಿಗಳನ್ನು ಎಣಿಸಿ ಕಣ್ಣೀರಿಡುತ್ತವೆ. ಓದು ಮುಂದುವರಿಸಿದ್ದರೆ ಅವಳು ಏನಾಗುತ್ತಿದ್ದಳು ಎಂದು ಕೇಳುವ ಕಥೆಗಳು ಕಡಿಮೆ.

ಆದರೆ ಈ ಸೂತ್ರಕ್ಕೂ ಒಂದು ಗಡಿಯಿದೆ. ತಮ್ಮ ರಕ್ತದವರಿಗಷ್ಟೇ ಮರುಗುವುದು ಪ್ರಕೃತಿ ನಿಯಮವೆಂದು ಇದನ್ನು ಜಾತಿ, ಜಮಾತುಗಳವರೆಗೆ ಎಳೆಯುವವರಿದ್ದಾರೆ. ಅಂಥವರು ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರನ್ನು (1890–1999) ನೆನೆಯಬೇಕು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂದು ಅವರ ಬಗ್ಗೆ ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ಆ ಸಂನ್ಯಾಸಿಗೆ ಸಂತಾನವಿಲ್ಲ, ಕಲಿತ ಮಕ್ಕಳು ರಕ್ತಸಂಬಂಧಿಗಳಲ್ಲ. ಹ್ಯಾಮಿಲ್ಟನ್ನರ ಕೋಷ್ಟಕದಲ್ಲಿ ಬರೀ ನಷ್ಟ. ಜಿಲ್ಲೆಯ ಕೋಷ್ಟಕದಲ್ಲಿ ಬರೀ ಲಾಭ. ಸೂತ್ರ ಇಲ್ಲಿ ಸುಳ್ಳಾಗುವುದಿಲ್ಲ, ಆದರೆ ಮನುಷ್ಯರ ಬೆಲೆ ಕಟ್ಟಲು ಅದು ಸಾಲದು.

ಹಾಗೆಂದು ಲೆಕ್ಕವನ್ನೇ ಬಿಡಲಾಗದು. ಆಪಾಳನ್ನು ಫರಿಷ್ತಾ ಎನ್ನುವ ಮೊದಲು ಅವಳಿಗೆ ಬೇರೆ ದಾರಿ ಇತ್ತೇ ಎಂದು ವಿಚಾರಿಸೋಣ. ಇದ್ದೂ ಬಿಟ್ಟುಕೊಟ್ಟಿದ್ದರೆ ಅದು ಮನೆಯ ಮೇಲಿನ ಋಣ. ಇರದಿದ್ದರೆ, ಅದನ್ನು ಮುಚ್ಚಿದವರು ಯಾರೆಂದು ಕೇಳಬೇಕಾಗುತ್ತದೆ.